ಗೇಟಿಲ್ಲದ ಊರಲ್ಲಿ ಟಿಕೆಟ್: ಮ್ಯೂನಿಕ್‌ನಲ್ಲಿ ರೈಲು, ಟ್ರಾಮ್, ಬಸ್ಸು ಹತ್ತುವ ಬಗೆ

ಅಮ್ಮ ಮೊದಲ ಸಲ ಜರ್ಮನಿಯ ಮ್ಯೂನಿಕ್‌ಗೆ ಬಂದಾಗ ಏರ್‌ಪೋರ್ಟಿನ ಕೆಳಗಿರುವ ಸ್ಟೇಷನ್ನಿಗೆ ಎಸ್ಕಲೇಟರ್‌ನಲ್ಲಿ ಇಳಿದೆವು. ಪ್ಲಾಟ್‌ಫಾರಂ ಮೇಲೆ ನಿಂತ ಅಮ್ಮ ಹಿಂದೆ ತಿರುಗಿ ನೋಡಿ, "ಗೇಟು ಎಲ್ಲಿ ಕಣೋ? ಕಾರ್ಡು ಮುಟ್ಟಿಸಲೇ ಇಲ್ವಲ್ಲ" ಅಂದರು. ಬೆಂಗಳೂರಿನ ಮೆಟ್ರೊದಲ್ಲಿ ಓಡಾಡಿದವರಿಗೆ ಇದೇ ಮೊದಲ ಗೊಂದಲ. ಇಲ್ಲಿ ಗೇಟಿಲ್ಲ. ಟೋಕನ್ ಇಲ್ಲ. "ಟಿಕೆಟ್ ಟಿಕೆಟ್" ಅಂತ ಬರುವ ಕಂಡಕ್ಟರೂ ಇಲ್ಲ. ಹತ್ತುವಾಗ ಯಾರೂ ಕೇಳುವುದಿಲ್ಲ, ಹಾಗಾಗಿ ಎಲ್ಲವನ್ನೂ ನೀವೇ ನೋಡಿಕೊಳ್ಳಬೇಕು. ಸರಿಯಾದ ಟಿಕೆಟ್ ತೆಗೆದುಕೊಳ್ಳುವುದು, ಅದಕ್ಕೆ ಸೀಲ್ ಹೊಡೆಯುವುದು, ಸರಿಯಾದ ಗಾಡಿ ಹತ್ತುವುದು, ಮೂರೂ ನಿಮ್ಮದೇ ಕೆಲಸ.

2023ರ ನವೆಂಬರಿನಿಂದ ಬೆಂಗಳೂರಿನಿಂದ ಮ್ಯೂನಿಕ್‌ಗೆ ಲುಫ್ಥಾನ್ಸಾದ ನೇರ ವಿಮಾನ ಇದೆ. ಓದಲು ಬರುವವರು, ಕೆಲಸಕ್ಕೆ ಬರುವವರು, ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರು, ಎಲ್ಲರೂ ಜಾಸ್ತಿಯಾಗಿದ್ದಾರೆ. ಅವರಲ್ಲಿ ಹಲವರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳಿಗೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಮೊದಲು, ಯಾವ ಗಾಡಿ ಯಾವುದು

ನೀಲಿ ಚೌಕದಲ್ಲಿ ಬಿಳಿಯ "ಯು" ಅಕ್ಷರ ಕಂಡರೆ ಅದು ಯು-ಬಾನ್, ಅಂದರೆ ಊರೊಳಗಿನ ಮೆಟ್ರೊ. ಹಸಿರು ವೃತ್ತದಲ್ಲಿ ಬಿಳಿಯ "ಎಸ್" ಇದ್ದರೆ ಅದು ಎಸ್-ಬಾನ್. ಊರಿನ ಸುತ್ತಲಿನ ಪಟ್ಟಣಗಳಿಂದ ಬಂದು, ಊರಿನ ನಡುವೆ ಹಾದು, ಆ ಕಡೆಗೆ ಹೋಗುವ ರೈಲು. ಮುಂಬೈ ಲೋಕಲ್ ಅಂದುಕೊಂಡರೆ ಅರ್ಥವಾದೀತು, ಜನಜಂಗುಳಿ ಮಾತ್ರ ಅಷ್ಟಿಲ್ಲ. ಇವೆರಡರ ಜೊತೆಗೆ ಟ್ರಾಮ್ ಮತ್ತು ಬಸ್ಸು. ಅಂದ ಹಾಗೆ ಜರ್ಮನಿನ "ಬಾನ್" ಅಂದರೆ ಹಾದಿ. ನಮ್ಮ ಬಾನಿಗೂ ಅದಕ್ಕೂ ಸಂಬಂಧ ಇಲ್ಲ. ಯು-ಬಾನ್ ಅಂತೂ ಹೆಚ್ಚಿನ ಕಡೆ ಓಡುವುದು ನೆಲದ ಕೆಳಗೇ.

ಯು-ಬಾನ್ ಶುರುವಾಗಿದ್ದು 1971ರ ಅಕ್ಟೋಬರಿನಲ್ಲಿ, ಎಸ್-ಬಾನ್ 1972ರ ಮೇ ತಿಂಗಳಲ್ಲಿ. 1972ರ ಒಲಿಂಪಿಕ್ಸ್ ಬರುವಷ್ಟರಲ್ಲಿ ಮುಗಿಸಬೇಕೆಂದು ಊರು ತುಂಬಾ ಅಗೆದರು. ಇವತ್ತು ನೀವು ಓಡಾಡುವ ಜಾಲದ ಬೆನ್ನೆಲುಬು ಆಗಿನದೇ.

ಯು-ಬಾನ್, ಟ್ರಾಮ್ ಮತ್ತು ಊರಿನ ಬಸ್ಸುಗಳನ್ನು ನಡೆಸುವುದು ಎಂವಿಜಿ. ಎಸ್-ಬಾನ್ ನಡೆಸುವುದು ಡಾಯ್ಚೆ ಬಾನ್, ಅಂದರೆ ಅಲ್ಲಿನ ರೈಲ್ವೆ. ಇವೆರಡರ ಮೇಲೆ ಎಂವಿವಿ ಅಂತ ಒಂದು ಒಕ್ಕೂಟ ಇದೆ. ಟಿಕೆಟ್ಟಿನ ದರ ನಿಗದಿ ಮಾಡುವುದು ಅದೇ. ನಿಮಗೆ ಈ ಮೂರು ಹೆಸರು ನೆನಪಿರಬೇಕಾಗಿಲ್ಲ. ಒಂದೇ ಟಿಕೆಟ್ ನಾಲ್ಕು ಬಗೆಯ ಗಾಡಿಗೂ ನಡೆಯುತ್ತದೆ, ಅಷ್ಟು ಗೊತ್ತಿದ್ದರೆ ಸಾಕು. ಎಸ್-ಬಾನ್‌ನಿಂದ ಇಳಿದು ಬಸ್ ಹತ್ತಿದರೆ ಮತ್ತೆ ದುಡ್ಡು ಕೊಡಬೇಕಿಲ್ಲ. ಇದೊಂದು ನಮ್ಮೂರಿಗೂ ಬೇಗ ಬರಬಾರದೇ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಝೋನ್ ಲೆಕ್ಕ

ಊರಿನ ನಡುಭಾಗ ಪೂರ್ತಿ "ಎಂ" ಝೋನ್. ಅದರ ಸುತ್ತ 1, 2, 3 ಅಂತ ಉಂಗುರಗಳು. ಮರಿಯೆನ್‌ಪ್ಲಾಟ್ಸ್, ಇಂಗ್ಲಿಷ್ ಗಾರ್ಡನ್, ಒಲಿಂಪಿಕ್ ಪಾರ್ಕ್, ನಿಂಫೆನ್‌ಬುರ್ಗ್ ಅರಮನೆ ಎಲ್ಲವೂ ಎಂ ಒಳಗೇ ಇವೆ. ಊರು ನೋಡಲು ಬಂದವರಿಗೆ ಎಂ ಸಾಕು. ಏರ್‌ಪೋರ್ಟ್ ಮಾತ್ರ ದೂರ, ಅದು 5ನೇ ಝೋನ್. ಹಾಗಾಗಿ ಏರ್‌ಪೋರ್ಟಿನಿಂದ ಊರಿಗೆ "ಎಂ-5" ಟಿಕೆಟ್ ಬೇಕು. ಊರೊಳಗಿನ ಎಂ ಟಿಕೆಟ್ ಹಿಡಿದು ಏರ್‌ಪೋರ್ಟಿಗೆ ಹೊರಟರೆ ಅದು ಟಿಕೆಟ್ ಇಲ್ಲದ ಹಾಗೆಯೇ.

ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಓದಲು ಬರುವವರು ಗಮನಿಸಿ: ಯು-ಬಾನ್‌ನ ಯು6 ಲೈನಿನಲ್ಲಿ ಕೊನೆಯ ಸ್ಟೇಷನ್ ಆಗಿರುವ ಗಾರ್ಶಿಂಗ್ ಕ್ಯಾಂಪಸ್ ಎಂ ಝೋನಿನ ಹೊರಗಿದೆ. ರೂಮು ಊರೊಳಗಿದ್ದು ಕ್ಲಾಸು ಅಲ್ಲಿದ್ದರೆ ಬರೀ ಎಂ ಟಿಕೆಟ್ ಸಾಲುವುದಿಲ್ಲ.

ಯಾವ ಟಿಕೆಟ್ ತಗೊಳ್ಳಲಿ?

ಎಲ್ಲರೂ ಎಡವುವುದು ಇಲ್ಲೇ. ಮೆಷಿನ್ ಮುಂದೆ ನಿಂತರೆ ಹತ್ತು ಬಗೆಯ ಹೆಸರು ಕಾಣುತ್ತದೆ. ಹಿಂದೆ ಸಾಲು ನಿಂತಿರುತ್ತದೆ. ಗಾಬರಿಯಲ್ಲಿ ಸಿಕ್ಕಿದ್ದನ್ನು ಒತ್ತುತ್ತೇವೆ. ಅದಕ್ಕೇ ಮನೆಯಲ್ಲೇ ನಿರ್ಧಾರ ಮಾಡಿಕೊಂಡು ಹೊರಡಿ. ನಾನು ಕೇಳುವ ಪ್ರಶ್ನೆ ಒಂದೇ: ಎಷ್ಟು ದಿನ ಇರುತ್ತೀರಿ?

ಒಂದು ದಿನ, ಎರಡು ದಿನ ಆದರೆ ದಿನದ ಟಿಕೆಟ್. ನಮ್ಮ ಬಿಎಂಟಿಸಿ ದಿನದ ಪಾಸ್ ಇದ್ದ ಹಾಗೆ. ಇದು ಮರುದಿನ ಬೆಳಗ್ಗೆ 6 ಗಂಟೆಯವರೆಗೆ ನಡೆಯುತ್ತದೆ, ರಾತ್ರಿ ತಡವಾದರೂ ಚಿಂತೆಯಿಲ್ಲ. ಮನೆಮಂದಿ ಜೊತೆಗಿದ್ದರೆ ಗುಂಪಿನ ದಿನದ ಟಿಕೆಟ್ ಕೇಳಿ. ಐದು ಜನ ದೊಡ್ಡವರು ಒಂದೇ ಟಿಕೆಟ್ಟಿನಲ್ಲಿ ಓಡಾಡಬಹುದು. 6ರಿಂದ 14 ವರ್ಷದ ಇಬ್ಬರು ಮಕ್ಕಳು ಸೇರಿ ಒಬ್ಬ ದೊಡ್ಡವರ ಲೆಕ್ಕ. 6 ವರ್ಷಕ್ಕಿಂತ ಚಿಕ್ಕವರಿಗೆ ಟಿಕೆಟ್ಟೇ ಬೇಡ. ಮೂರು ಜನಕ್ಕಿಂತ ಹೆಚ್ಚಿದ್ದರೆ ಗುಂಪಿನ ಟಿಕೆಟ್ಟಿನಲ್ಲಿ ಚೆನ್ನಾಗಿಯೇ ಉಳಿಯುತ್ತದೆ. ಒಂದು ಷರತ್ತು ಮಾತ್ರ ಇದೆ. ಎಲ್ಲರೂ ಒಟ್ಟಿಗೇ ಇರಬೇಕು. ಭಾವ ಅಂಗಡಿಗೆ, ಅಕ್ಕ ಅರಮನೆಗೆ ಅಂತ ಬೇರೆಯಾದರೆ ಟಿಕೆಟ್ ಕೈಯಲ್ಲಿ ಇರುವವರಷ್ಟೇ ಬಚಾವ್.

ಒಂದೇ ಸಲ ಹೋಗುವುದಾದರೆ ಒಂಟಿ ಟಿಕೆಟ್. ಎಂ ಝೋನ್ ಒಳಗೆ ಅದಕ್ಕೆ 4 ಯುರೋಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಗಾಡಿ ಬದಲಿಸಬಹುದು, ಆದರೆ ಬಂದ ದಾರಿಯಲ್ಲಿ ವಾಪಸ್ ಬರುವಂತಿಲ್ಲ. ತೀರಾ ಹತ್ತಿರಕ್ಕೆ "ಕುರ್ತ್ಸ್‌ಸ್ಟ್ರೆಕೆ" ಅಂತ ಅಗ್ಗದ ಟಿಕೆಟ್ ಇದೆ. ನಾಲ್ಕು ಸ್ಟಾಪ್‌ವರೆಗೆ ನಡೆಯುತ್ತದೆ, ಅದರಲ್ಲಿ ಯು-ಬಾನ್ ಅಥವಾ ಎಸ್-ಬಾನ್ ಎರಡು ಸ್ಟಾಪ್ ಮೀರಬಾರದು. ಎರಡು ಸ್ಟಾಪ್ ಅಂದುಕೊಂಡು ಮೂರನೆಯದಕ್ಕೆ ಇಳಿದವರು ಬೇಕಾದಷ್ಟು ಜನ ಇದ್ದಾರೆ. ಎಣಿಸಿಕೊಳ್ಳಿ.

ತಿಂಗಳುಗಟ್ಟಲೆ ಇರುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್. ಜರ್ಮನಿಯ ಯಾವ ಊರಿನ ಬಸ್ಸು, ಟ್ರಾಮ್, ಮೆಟ್ರೊ, ಲೋಕಲ್ ರೈಲಿಗೂ ಈ ಒಂದು ಪಾಸ್ ನಡೆಯುತ್ತದೆ. 2023ರ ಮೇ ತಿಂಗಳಲ್ಲಿ 49 ಯುರೋಗೆ ಶುರುವಾಯಿತು. 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಏರಿದೆ ನಿಜ. ಆದರೂ ಲೆಕ್ಕ ಹಾಕಿ: ದಿನಕ್ಕೆ ಹೋಗಿ ಬರುವುದು ಅಂತ ಎರಡು ಸಲ ಓಡಾಡಿದರೆ ಹತ್ತು ದಿನದೊಳಗೆ ದುಡ್ಡು ವಸೂಲಿ. ಅಪ್ಪ ಅಮ್ಮ ಎರಡು ತಿಂಗಳು ಇರಲು ಬಂದರೆ ನಾನು ಕಣ್ಣುಮುಚ್ಚಿ ಇದನ್ನೇ ತೆಗೆಸುತ್ತೇನೆ.

ಆದರೆ ಇದರಲ್ಲಿ ಮೂರು ಕೊಕ್ಕೆ ಇವೆ. ಒಂದು, ಇದು ತಿಂಗಳ ಚಂದಾ. ನೀವು ನಿಲ್ಲಿಸುವವರೆಗೆ ಪ್ರತಿ ತಿಂಗಳೂ ದುಡ್ಡು ಕಟ್ಟಾಗುತ್ತಲೇ ಇರುತ್ತದೆ. ನಿಲ್ಲಿಸಬೇಕೆಂದರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಟಿಕೆಟ್ ತೆಗೆದ ದಿನವೇ ಫೋನಿನಲ್ಲಿ ರಿಮೈಂಡರ್ ಹಾಕಿಡಿ. ಇಲ್ಲದಿದ್ದರೆ ಅಮ್ಮ ಮೈಸೂರಿನಲ್ಲಿ ಕಾಫಿ ಕುಡಿಯುತ್ತಿರುವಾಗಲೂ ಮ್ಯೂನಿಕ್‌ನಲ್ಲಿ ಅವರ ಪಾಸ್ ಓಡುತ್ತಿರುತ್ತದೆ. ಎರಡು, ಪಾಸಿನ ಲೆಕ್ಕ ಕ್ಯಾಲೆಂಡರ್ ತಿಂಗಳಿನದು. 25ನೇ ತಾರೀಖು ಬಂದಿಳಿದರೆ ಆ ಒಂದು ವಾರಕ್ಕೆ ಬೇರೆ ಟಿಕೆಟ್ ನೋಡುವುದೇ ಲೇಸು. ಮೂರು, ಇದು ಹೆಸರಿನ ಮೇಲಿರುವ ಪಾಸ್. ಒಬ್ಬರದು ಇನ್ನೊಬ್ಬರಿಗೆ ನಡೆಯುವುದಿಲ್ಲ. ಚೆಕಿಂಗ್‌ನವರು ಕೇಳಿದರೆ ಗುರುತಿನ ಚೀಟಿಯೂ ತೋರಿಸಬೇಕು. ಸ್ಕ್ರೀನ್‌ಶಾಟ್ ತೋರಿಸಿದರೆ ಒಪ್ಪುವುದಿಲ್ಲ, ಆ್ಯಪ್ ತೆರೆದೇ ತೋರಿಸಬೇಕು.

ಐಸಿಇ, ಐಸಿ ಥರದ ದೂರದ ವೇಗದ ರೈಲುಗಳಿಗೆ ಈ ಪಾಸ್ ಆಗುವುದಿಲ್ಲ. ಆರ್‌ಇ, ಆರ್‌ಬಿ ಅಂತ ಬರೆದ ಲೋಕಲ್ ರೈಲುಗಳಿಗೆ ಆಗುತ್ತದೆ. ನಾಯ್‌ಶ್ವಾನ್‌ಸ್ಟೈನ್ ಕೋಟೆ ನೋಡಲು ಫ್ಯೂಸೆನ್‌ಗೆ ಇದರಲ್ಲೇ ಹೋಗಬಹುದು. ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸ್ಟೇಷನ್ನಿನವರೆಗೂ ಲೋಕಲ್ ರೈಲಿನಲ್ಲಿ ನಡೆಯುತ್ತದೆ. ಪಾಸ್‌ಪೋರ್ಟ್ ಮರೆಯಬೇಡಿ.

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಓದುವವರಿಗೆ ಇದೇ ಪಾಸ್ ಕಡಿಮೆ ದರಕ್ಕೆ ಸಿಗುತ್ತದೆ. 2023ರ ಸೆಪ್ಟೆಂಬರಿನಲ್ಲಿ 29 ಯುರೋಗೆ ಶುರುವಾಗಿತ್ತು. ಕಾಲೇಜಿಗೆ ಸೇರಿದ ಕೂಡಲೇ ಇದನ್ನು ವಿಚಾರಿಸಿ. ಮೊದಲ ತಿಂಗಳು ಪೂರ್ತಿ ದುಡ್ಡು ಕೊಟ್ಟು ಆಮೇಲೆ ಕೈ ಹಿಸುಕಿಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ.

ಸೀಲ್, ಸೀಲ್, ಸೀಲ್

ಟಿಕೆಟ್ ತಗೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಾಗದದ ಟಿಕೆಟ್ಟಿನ ಮೇಲೆ "ಎಂಟ್‌ವೆರ್ಟೆನ್" ಅಂತ ಬರೆದಿದ್ದರೆ ಅದಕ್ಕೆ ಸೀಲ್ ಬೀಳಬೇಕು. ಪ್ಲಾಟ್‌ಫಾರಂಗೆ ಇಳಿಯುವ ಮೊದಲು, ಎಸ್ಕಲೇಟರ್ ಹತ್ತಿರ, ಒಂದು ಸಣ್ಣ ನೀಲಿ ಡಬ್ಬ ಇರುತ್ತದೆ. ಅದರ ಬಾಯಿಗೆ ಟಿಕೆಟ್ ತೂರಿಸಿದರೆ "ಟಕ್" ಅಂತ ಸದ್ದಾಗಿ ದಿನ, ಹೊತ್ತು, ಜಾಗ ಅಚ್ಚಾಗುತ್ತದೆ. ಟ್ರಾಮ್ ಮತ್ತು ಬಸ್ಸಿನಲ್ಲಾದರೆ ಡಬ್ಬ ಒಳಗೇ ಇರುತ್ತದೆ. ಹತ್ತಿದ ಕೂಡಲೇ, ಸೀಟು ಹುಡುಕುವ ಮೊದಲೇ ಹೊಡೆಯಿರಿ. ಕೆಲವು ಟಿಕೆಟ್ಟಿಗೆ ಮೆಷಿನ್ನೇ ಹೊತ್ತು ಅಚ್ಚು ಹಾಕಿ ಕೊಡುತ್ತದೆ, ಅದಕ್ಕೆ ಸೀಲ್ ಬೇಡ. ಗೊತ್ತಾಗದಿದ್ದರೆ ಟಿಕೆಟ್ ಮೇಲಿರುವುದನ್ನು ಓದಿ.

ನಾನು ಬಂದ ಮೊದಲ ವಾರದ ಕತೆ ಹೇಳುತ್ತೇನೆ. ದಿನದ ಟಿಕೆಟ್ ತೆಗೆದು ನೀಟಾಗಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಸೀಲ್ ಅನ್ನುವ ವಿಷಯವೇ ಗೊತ್ತಿರಲಿಲ್ಲ. ಜೀನ್ಸ್, ಜಾಕೆಟ್ ಹಾಕಿಕೊಂಡಿದ್ದ ಇಬ್ಬರು ಎದುರು ಸೀಟಿನಲ್ಲಿ ಕೂತಿದ್ದರು. ಬಾಗಿಲು ಮುಚ್ಚಿತು. ಇಬ್ಬರೂ ಎದ್ದು ಕೊರಳಿನ ಕಾರ್ಡು ತೋರಿಸಿ, ಟಿಕೆಟ್ ಕೇಳಿದರು. ನಾನು ಹೆಮ್ಮೆಯಿಂದ ತೆಗೆದು ಕೊಟ್ಟೆ. ಅವರಲ್ಲಿ ಒಬ್ಬಾಕೆ ಅದನ್ನು ಹಿಂದೆ ಮುಂದೆ ತಿರುಗಿಸಿದರು. ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. "ಹೊಸಬ, ಗೊತ್ತಿರಲಿಲ್ಲ" ಅಂದೆ. ಸಮಾಧಾನವಾಗಿಯೇ ಕೇಳಿಸಿಕೊಂಡು 60 ಯುರೋ ದಂಡದ ಚೀಟಿ ಬರೆದರು. ಅವರ ತಪ್ಪೇನೂ ಇಲ್ಲ. ಸೀಲಿಲ್ಲದ ಟಿಕೆಟ್ಟನ್ನು ನಾಳೆಯೂ ಬಳಸಬಹುದು, ನಾಡಿದ್ದೂ ಬಳಸಬಹುದು, ಅಲ್ವಾ? ಅವರ ಲೆಕ್ಕದಲ್ಲಿ ಅದು ಇನ್ನೂ ಟಿಕೆಟ್ಟೇ ಆಗಿರಲಿಲ್ಲ.

ಇನ್ನು ಪಟ್ಟಿ ಟಿಕೆಟ್. ಜರ್ಮನ್‌ನಲ್ಲಿ "ಶ್ಟ್ರೈಫೆನ್‌ಕಾರ್ಟೆ". ಆಗೊಮ್ಮೆ ಈಗೊಮ್ಮೆ ಓಡಾಡುವವರಿಗೆ ಇದು ಒಂಟಿ ಟಿಕೆಟ್ಟಿಗಿಂತ ಅಗ್ಗ. ಉದ್ದನೆಯ ಕಾಗದದಲ್ಲಿ 1ರಿಂದ 10ರವರೆಗೆ ಪಟ್ಟಿಗಳು ಇರುತ್ತವೆ. ಎಂ ಝೋನ್ ಒಳಗಿನ ಪ್ರಯಾಣಕ್ಕೆ ದೊಡ್ಡವರಿಗೆ ಎರಡು ಪಟ್ಟಿ, ಕುರ್ತ್ಸ್‌ಸ್ಟ್ರೆಕೆಗೆ ಒಂದು. ಸೀಲ್ ಹೊಡೆಯುವುದಕ್ಕೆ ಒಂದು ಬಗೆ ಇದೆ. ಎರಡು ಪಟ್ಟಿ ಬೇಕಿದ್ದರೆ ಎರಡಕ್ಕೂ ಹೊಡೆಯಬೇಕಿಲ್ಲ. 2 ಅಂತ ಬರೆದ ಪಟ್ಟಿ ತುದಿಗೆ ಬರುವ ಹಾಗೆ ಕಾಗದವನ್ನು ಮಡಚಿ, ಆ ತುದಿಯನ್ನು ಡಬ್ಬಕ್ಕೆ ತೂರಿಸಿ. 2ರ ಮೇಲೆ ಸೀಲ್ ಬಿದ್ದರೆ 1 ತಾನಾಗಿ ಖರ್ಚಾಯಿತು ಅಂತಲೇ ಲೆಕ್ಕ. ಮುಂದಿನ ಸಲ 4ರ ಮೇಲೆ. ಇಬ್ಬರು ಹೋಗುವುದಾದರೆ ಒಂದೇ ಕಾಗದದಲ್ಲಿ 2ಕ್ಕೆ ಒಂದು, 4ಕ್ಕೆ ಇನ್ನೊಂದು. ಮಡಚದೆ ಹಾಗೇ ತೂರಿಸಿ 10ರ ಮೇಲೆ ಸೀಲ್ ಬಿದ್ದರೆ ಇಡೀ ಕಾಗದ ಗೋವಿಂದ. ಮಗ್ಗಿ ಪುಸ್ತಕದ ಹಾಳೆ ಮಡಚಿದಂತೆ ನಿಧಾನಕ್ಕೆ ಮಡಚಿ.

ಇಷ್ಟೆಲ್ಲ ತಲೆನೋವು ಬೇಡ ಅಂದರೆ ಆ್ಯಪ್ ಇದೆ. ಎಂವಿಜಿಓ, ಎಂವಿವಿ ಆ್ಯಪ್, ಡಿಬಿ ನ್ಯಾವಿಗೇಟರ್, ಯಾವುದಾದರೂ ಸರಿ. ಅಲ್ಲಿ ಸೀಲಿನ ಗೋಜಿಲ್ಲ. ಒಂದೇ ಎಚ್ಚರಿಕೆ: ಗಾಡಿ ಹತ್ತುವ ಮೊದಲೇ ಕೊಂಡಿರಬೇಕು. ಚೆಕಿಂಗ್‌ನವರನ್ನು ಕಂಡ ಮೇಲೆ ಫೋನ್ ತೆಗೆದರೆ ಅದು ಅವರಿಗೂ ಗೊತ್ತಾಗುತ್ತದೆ. ಫೋನಿನ ಚಾರ್ಜು ಮುಗಿದರೆ ಟಿಕೆಟ್ಟೂ ಇಲ್ಲ, ಆದ್ದರಿಂದ ಪವರ್ ಬ್ಯಾಂಕ್ ಜೊತೆಗಿರಲಿ.

ಏರ್‌ಪೋರ್ಟಿನಿಂದ ಊರಿಗೆ

ಏರ್‌ಪೋರ್ಟಿನಿಂದ ಎಸ್1 ಮತ್ತು ಎಸ್8 ಎರಡೂ ಊರಿಗೆ ಬರುತ್ತವೆ. ಒಂದು ಪಶ್ಚಿಮದ ಕಡೆಯಿಂದ ಸುತ್ತುತ್ತದೆ, ಇನ್ನೊಂದು ಪೂರ್ವದ ಕಡೆಯಿಂದ. ಎರಡಕ್ಕೂ ಸುಮಾರು ಮುಕ್ಕಾಲು ಗಂಟೆ ಅಂತಿಟ್ಟುಕೊಳ್ಳಿ. ಯಾವುದು ಮೊದಲು ಹೊರಡುತ್ತದೋ ಅದನ್ನು ಹತ್ತಿ. ಮರಿಯೆನ್‌ಪ್ಲಾಟ್ಸ್ ಅಥವಾ ಊರಿನ ಪೂರ್ವಕ್ಕೆ ಹೋಗುವವರಿಗೆ ಎಸ್8 ಅನುಕೂಲ.

ಬಂದ ದಿನವೇ ಊರು ಸುತ್ತುವ ಹುಮ್ಮಸ್ಸಿದ್ದರೆ ಎಂ-5 ದಿನದ ಟಿಕೆಟ್ಟೇ ತೆಗೆಯಿರಿ. ಒಂಟಿ ಟಿಕೆಟ್ಟಿಗಿಂತ ಸ್ವಲ್ಪವೇ ಜಾಸ್ತಿ. ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಬೇರೇನೂ ಬೇಡ, ಏರ್‌ಪೋರ್ಟಿಗೂ ಅದು ಸಾಕು. ಹೊರಗಡೆ ಲುಫ್ಥಾನ್ಸಾ ಎಕ್ಸ್‌ಪ್ರೆಸ್ ಬಸ್ಸು ನಿಂತಿರುತ್ತದೆ. ಅದು ನೇರ ಮುಖ್ಯ ರೈಲು ನಿಲ್ದಾಣಕ್ಕೆ ಬರುತ್ತದೆ, ಸೂಟ್‌ಕೇಸ್ ಜಾಸ್ತಿ ಇದ್ದರೆ ಆರಾಮ. ಆದರೆ ಅದರ ಟಿಕೆಟ್ ಬೇರೆಯೇ. ಎಂವಿವಿ ಟಿಕೆಟ್ಟೂ ಡಾಯ್ಚ್‌ಲಾಂಡ್ ಟಿಕೆಟ್ಟೂ ಅದರಲ್ಲಿ ನಡೆಯುವುದಿಲ್ಲ.

ಗಾಡಿ ಹತ್ತುವಾಗ

ಲೈನಿನ ನಂಬರ್ ಒಂದೇ ನೋಡಿದರೆ ಸಾಲದು. ಕೊನೆಯ ಸ್ಟೇಷನ್ನಿನ ಹೆಸರೂ ನೋಡಬೇಕು, ಏಕೆಂದರೆ ಒಂದೇ ಲೈನು ಎರಡು ದಿಕ್ಕಿಗೂ ಓಡುತ್ತದೆ. "ರಿಖ್ಟುಂಗ್" ಅಂದರೆ ದಿಕ್ಕು, "ಗ್ಲೈಸ್" ಅಂದರೆ ಹಳಿ ಅಥವಾ ಪ್ಲಾಟ್‌ಫಾರಂ, "ಔಸ್‌ಗಾಂಗ್" ಅಂದರೆ ಹೊರಗೆ ಹೋಗುವ ದಾರಿ. ಈ ಮೂರು ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಇನ್ನೊಂದು ಮಾತು. ಎಲ್ಲ ಯು6ಗಳೂ ಗಾರ್ಶಿಂಗ್‌ವರೆಗೆ ಹೋಗುವುದಿಲ್ಲ. ಕೆಲವು ಫ್ರೆಟ್ಮಾನಿಂಗ್‌ನಲ್ಲೇ ನಿಲ್ಲುತ್ತವೆ. ಅಲ್ಲಿ ಇಳಿದು ಚಳಿಯಲ್ಲಿ ಮುಂದಿನ ಗಾಡಿಗೆ ಕಾಯುತ್ತಾ ನಿಂತ ವಿದ್ಯಾರ್ಥಿಗಳನ್ನು ಚಳಿಗಾಲ ಪೂರ್ತಿ ನೋಡಬಹುದು.

ಬಾಗಿಲು ತಾನಾಗಿ ತೆರೆಯುತ್ತದೆ ಅಂತ ಕಾಯಬೇಡಿ. ಗುಂಡಿ ಒತ್ತಬೇಕು. ಇಳಿಯುವವರು ಇಳಿದ ಮೇಲೆ ಹತ್ತಿ. "ಸುರೂಕ್‌ಬ್ಲೈಬೆನ್ ಬಿಟ್ಟೆ" ಅಂತ ಕೇಳಿಸಿದರೆ ಹಿಂದೆ ನಿಲ್ಲಿ ಅಂತ ಅರ್ಥ. ಓಡಿ ಬಂದು ನುಗ್ಗುವ ಚಾಳಿ ಅಲ್ಲಿ ಬೇಡ, ಹೇಗೂ ಇನ್ನೊಂದು ಗಾಡಿ ಬರುತ್ತದೆ. ಮುಖ್ಯ ನಿಲ್ದಾಣ ಮತ್ತು ಕಾರ್ಲ್ಸ್‌ಪ್ಲಾಟ್ಸ್‌ನ ಎಸ್-ಬಾನ್‌ನಲ್ಲಿ ಗಾಡಿಯ ಎರಡೂ ಬದಿ ಪ್ಲಾಟ್‌ಫಾರಂ ಇರುತ್ತದೆ. ಒಂದು ಕಡೆಯಿಂದ ಇಳಿಯುವುದು, ಇನ್ನೊಂದು ಕಡೆಯಿಂದ ಹತ್ತುವುದು. ನುಗ್ಗಾಟ ತಪ್ಪಿಸಲು ಮಾಡಿದ ಉಪಾಯ. ಬೋರ್ಡು ನೋಡಿ ಸರಿಯಾದ ಬದಿಯಲ್ಲಿ ನಿಲ್ಲಿ. ಎಸ್ಕಲೇಟರಿನಲ್ಲಿ ಬಲಗಡೆ ನಿಲ್ಲಿ, ಎಡಗಡೆ ಅವಸರದವರಿಗೆ ಬಿಡಿ.

ವಯಸ್ಸಾದವರು, ಮಗುವಿನ ಗಾಡಿ ಇರುವವರು ಹೊರಡುವ ಮೊದಲು ಎಂವಿಜಿಯ "ಝೂಮ್" ಪುಟದಲ್ಲಿ ಯಾವ ಸ್ಟೇಷನ್ನಿನ ಲಿಫ್ಟ್ ಕೆಟ್ಟಿದೆ ಅಂತ ನೋಡಿಕೊಳ್ಳಿ. ಸೈಕಲ್ ಇದ್ದರೆ ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 4ರಿಂದ 6ರವರೆಗೆ ಯು-ಬಾನ್, ಎಸ್-ಬಾನ್‌ಗೆ ಒಯ್ಯುವಂತಿಲ್ಲ. ಬಸ್ಸು, ಟ್ರಾಮಿನಲ್ಲಿ ಯಾವಾಗಲೂ ಇಲ್ಲ. ನಾಯಿಗೆ ಮಾತ್ರ ಪ್ರಶಸ್ತ ಜಾಗ, ಒಂದು ನಾಯಿ ಉಚಿತ. ಅಮ್ಮನಿಗೆ ಇದೇ ದೊಡ್ಡ ವಿಸ್ಮಯ. ಎದುರು ಸೀಟಿನವರ ಕಾಲಡಿ ಮಲಗಿದ್ದ ನಾಯಿ ಹನ್ನೆರಡು ಸ್ಟಾಪು ತಲೆಯನ್ನೂ ಎತ್ತಲಿಲ್ಲ.

ರಾತ್ರಿ ಯು-ಬಾನ್ ಇಡೀ ರಾತ್ರಿ ಓಡುವುದಿಲ್ಲ. ಆಮೇಲೆ ನಂಬರಿನ ಮುಂದೆ "ಎನ್" ಇರುವ ಟ್ರಾಮು, ಬಸ್ಸುಗಳಿವೆ. ತಡರಾತ್ರಿ ಊಟಕ್ಕೆ ಹೋಗುವಾಗಲೇ ಆ್ಯಪಿನಲ್ಲಿ ವಾಪಸ್ ದಾರಿ ನೋಡಿಟ್ಟುಕೊಳ್ಳಿ.

ಬಿಡುವಿದ್ದರೆ ಒಮ್ಮೆ ಯು1ರಲ್ಲಿ ವೆಸ್ಟ್‌ಫ್ರೀಡ್‌ಹೋಫ್‌ನಲ್ಲಿ ಇಳಿಯಿರಿ. ಪ್ಲಾಟ್‌ಫಾರಂ ಮೇಲೆ ಇಂಗೊ ಮೌರರ್ ವಿನ್ಯಾಸ ಮಾಡಿದ 11 ದೊಡ್ಡ ದೀಪದ ಬುಟ್ಟಿಗಳು ತೂಗಾಡುತ್ತಿವೆ. ಒರಟು ಗೋಡೆ, ಮೇಲಿನಿಂದ ಕೆಂಪು, ಹಳದಿ, ನೀಲಿ ಬೆಳಕು. ಟಿಕೆಟ್ ಹೇಗೂ ಇದೆಯಲ್ಲ, ಸುಮ್ನೆ ಹೋಗಿ ನೋಡಿ ಬನ್ನಿ.

ಎಸ್-ಬಾನ್ ಕೈಕೊಟ್ಟರೆ

ಊರಿನ ನಡುವೆ ಎಸ್-ಬಾನ್ ಲೈನುಗಳು ಬಹುತೇಕ ಎಲ್ಲವೂ ಒಂದೇ ಜೋಡಿ ಹಳಿಯ ಮೇಲೆ ಹಾದುಹೋಗುತ್ತವೆ. ಅದಕ್ಕೆ "ಶ್ಟಾಮ್‌ಶ್ಟ್ರೆಕೆ" ಅನ್ನುತ್ತಾರೆ. ಒಂದು ಕಡೆ ಸಿಗ್ನಲ್ ಕೆಟ್ಟರೆ ಊರಿಡೀ ತಡ. ನೆಲದ ಕೆಳಗೆ ಇನ್ನೊಂದು ಜೋಡಿ ಹಳಿ ಹಾಕುವ ಕೆಲಸ 2017ರಲ್ಲಿ ಶುರುವಾಯಿತು. ಇನ್ನೂ ಮುಗಿದಿಲ್ಲ, ಸದ್ಯಕ್ಕೆ ಮುಗಿಯುವ ಹಾಗೂ ಕಾಣುವುದಿಲ್ಲ. ಕಾಮಗಾರಿ ಮುಗಿಯುವ ದಿನ ಮುಂದೆ ಮುಂದೆ ಹೋಗುವುದು ನಮ್ಮ ಊರಿನ ಸ್ವತ್ತು ಅಂದುಕೊಂಡಿದ್ದೆ.

ವಾರಾಂತ್ಯದಲ್ಲಿ ಹಳಿಯ ಕೆಲಸಕ್ಕೆ ಲೈನು ಮುಚ್ಚುವುದು ಮಾಮೂಲು. ಆಗ ಬೋರ್ಡಿನಲ್ಲಿ "ಎಸ್‌ಇವಿ" ಅಂತ ಬರುತ್ತದೆ. ರೈಲಿನ ಬದಲು ಬಸ್ಸು ಅಂತ ಅರ್ಥ. ಅದೇ ಟಿಕೆಟ್ ಅದರಲ್ಲೂ ನಡೆಯುತ್ತದೆ, ಆದರೆ ಹೊತ್ತು ಹೆಚ್ಚು ಹಿಡಿಯುತ್ತದೆ. ವಿಮಾನ ಹಿಡಿಯುವ ದಿನ ಶನಿವಾರ, ಭಾನುವಾರ ಬಂದರೆ ಹಿಂದಿನ ರಾತ್ರಿಯೇ ಆ್ಯಪ್ ನೋಡಿ, ಮಾಮೂಲಿಗಿಂತ ಒಂದು ಗಂಟೆ ಮುಂಚೆ ಹೊರಡಿ.

ಏರ್‌ಪೋರ್ಟಿಗೆ ವಾಪಸ್ ಹೋಗುವಾಗ ಎಸ್1 ಹತ್ತಿದರೆ ಒಂದು ವಿಷಯ ನೆನಪಿಡಿ. ಈ ಗಾಡಿ ನೊಯ್‌ಫಾರ್ನ್ ಅನ್ನುವ ಸ್ಟೇಷನ್ನಿನಲ್ಲಿ ಎರಡಾಗಿ ಬೇರೆಯಾಗುತ್ತದೆ. ಅರ್ಧ ಏರ್‌ಪೋರ್ಟಿಗೆ, ಇನ್ನರ್ಧ ಫ್ರೈಸಿಂಗ್ ಊರಿಗೆ. ಒಳಗಿನಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿ ಇಲ್ಲ. ಹತ್ತುವಾಗಲೇ ನಿಮ್ಮ ಬೋಗಿಯ ಮೇಲಿನ ಬೋರ್ಡಿನಲ್ಲಿ "ಫ್ಲೂಗ್‌ಹಾಫೆನ್" (ಏರ್‌ಪೋರ್ಟ್) ಅಂತ ಇದೆಯಾ ನೋಡಿ. ತಪ್ಪು ಅರ್ಧದಲ್ಲಿ ಕೂತಿದ್ದು ದಾರಿಯಲ್ಲಿ ಗೊತ್ತಾದರೆ ನೊಯ್‌ಫಾರ್ನ್‌ನಲ್ಲಿ ಇಳಿದು ಪ್ಲಾಟ್‌ಫಾರಂ ಮೇಲೆ ಓಡಿ ಬದಲಿಸಬೇಕು. ತಲಾ 23 ಕಿಲೋದ ಎರಡು ಸೂಟ್‌ಕೇಸ್ ಎಳೆದುಕೊಂಡು ಆ ಓಟ ಯಾರಿಗೂ ಬೇಡ. ಎಸ್8ಕ್ಕೆ ಈ ರಗಳೆ ಇಲ್ಲ, ಸಾಮಾನು ಜಾಸ್ತಿ ಇದ್ದ ದಿನ ಅದನ್ನೇ ಹಿಡಿಯಿರಿ.